ಮೂರನೇ ಡ್ರಾಯರ್‌ನ ಗೋಬಿ ವಾಸನೆ

"ಸರ್, ಇಲ್ಲಿ ಯಾರಾದ್ರೂ ಗೋಬಿ ತಿಂದ್ರಾ?"

ಮಂಗಳವಾರ ಮಧ್ಯಾಹ್ನ ನಮ್ಮ ಗ್ರಂಥಾಲಯದ ಮೈಕ್ರೋಫಿಲ್ಮ್ ಬೀರುವಿನ ಮೂರನೇ ಡ್ರಾಯರ್ ಎಳೆದ ಕೂಡಲೇ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕೇಳಿದ ಮಾತಿದು. ಅವಳಿಗೆ ಬೇಕಿದ್ದದ್ದು 1950ರ ದಶಕದ ಒಂದು ಪತ್ರಿಕೆಯ ರೀಲು, ಅಂದರೆ ಪುಟಗಳನ್ನು ಪುಟ್ಟದಾಗಿ ಫೋಟೋ ತೆಗೆದಿಟ್ಟ ಫಿಲ್ಮಿನ ಸುರುಳಿ. ಪಕ್ಕದಲ್ಲಿದ್ದ ಅಟೆಂಡರ್ ನಕ್ಕರು. ನಗುವ ಮಾತಾಗಿರಲಿಲ್ಲ ಅದು. ಸಂಜೆ ಗೋಬಿ ಗಾಡಿಯ ಮುಂದೆ ನಿಂತಾಗ ಮೂಗಿಗೆ ಹೊಡೆಯುವ ಹುಳಿ ವಾಸನೆ ವಿನಿಗರ್‌ನದು, ಅಂದರೆ ಅಸಿಟಿಕ್ ಆಮ್ಲದ್ದು. ಹಳೆಯ ಅಸಿಟೇಟ್ ಫಿಲ್ಮು ಕೆಡುವಾಗ ಬಿಡುವುದೂ ಅದೇ ಆಮ್ಲ. ಇಷ್ಟು ವರ್ಷ ಎಷ್ಟೋ ಜನ ಆ ಡ್ರಾಯರ್ ಎಳೆದು ಮುಚ್ಚಿದ್ದಾರೆ. ಬಾಯಿಬಿಟ್ಟು ಕೇಳಿದವಳು ಇವಳೊಬ್ಬಳೇ.

ವಿಷಯ ಇಷ್ಟೇ. 1980ರ ದಶಕದಲ್ಲಿ ಪಾಲಿಯೆಸ್ಟರ್ ವ್ಯಾಪಕ ಬಳಕೆಗೆ ಬರುವವರೆಗೆ ಮೈಕ್ರೋಫಿಲ್ಮಿನ ಹಾಳೆ ಬಹುಪಾಲು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನದೇ. ಶಾಖ ಮತ್ತು ತೇವ ಸೇರಿದರೆ ಅದು ಒಡೆದು ಆಮ್ಲ ಬಿಡುತ್ತದೆ, ಆ ಆಮ್ಲ ಮತ್ತಷ್ಟು ಒಡೆತಕ್ಕೆ ದಾರಿ ಮಾಡುತ್ತದೆ. ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟರೆ ಆಮ್ಲ ಹೊರಗೆ ಹೋಗಲಾರದೆ ಫಿಲ್ಮನ್ನೇ ತಿನ್ನುತ್ತದೆ. 21 ಡಿಗ್ರಿ ಸೆಲ್ಸಿಯಸ್, ಶೇಕಡಾ 50 ತೇವಾಂಶದಲ್ಲಿ ಇಟ್ಟ ಹೊಸ ಅಸಿಟೇಟ್ ಫಿಲ್ಮು ಹೀಗೆ ಆಮ್ಲ ಬಿಡುವ ಹಂತಕ್ಕೆ ಬರಲು ಸುಮಾರು 40 ವರ್ಷ ಬೇಕು ಎಂಬ ಲೆಕ್ಕವಿದೆ. ನಮ್ಮ ಏಪ್ರಿಲ್‌ನ ಕೋಣೆಗೆ ಆ ಲೆಕ್ಕ ಹಿಡಿಯುವುದಿಲ್ಲ. ಅದರ ಮೇಲೆ ಸಂಜೆ ಐದೂವರೆಗೆ ಏಸಿ ಆರಿಸಿ ಹೋಗುವ ಪದ್ಧತಿ. ಬಿಲ್ ಉಳಿಸಬೇಕು ಅನ್ನುವವರ ಕಷ್ಟ ಅರ್ಥವಾಗುತ್ತದೆ. ಆದರೆ ಹಗಲು ತಂಪು, ರಾತ್ರಿ ಸೆಕೆ ಅಂತ ದಿನವೂ ಏರಿಳಿಸುವುದು ಫಿಲ್ಮಿಗೆ ಒಳ್ಳೆಯದಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

"ಯಾರಾದ್ರೂ ಗೋಬಿ ತಿಂದ್ರಾ?" ಆ ಮಾತು ಕಿವಿಯಲ್ಲೇ ಉಳಿದು ಡ್ರಾಯರ್ ಪೂರ್ತಿ ಹೊರಗೆ ಬಂತು. ಒಟ್ಟು 36 ರೀಲು.

ಮೊದಲು ಬೇರ್ಪಡಿಸಬೇಕಾದದ್ದು ಅಸಿಟೇಟ್ ಯಾವುದು, ಪಾಲಿಯೆಸ್ಟರ್ ಯಾವುದು ಎಂದು. ಕತ್ತರಿಸುವುದೇನೂ ಬೇಡ. ರೀಲನ್ನು ದೀಪಕ್ಕೆ ಅಡ್ಡ ಹಿಡಿದು, ಸುತ್ತಿದ ಫಿಲ್ಮಿನ ಅಂಚಿನ ಕಡೆಯಿಂದ ನೋಡಿದರೆ ಸಾಕು. ಪಾಲಿಯೆಸ್ಟರ್ ಆದರೆ ಬೆಳಕು ಒಳಗಿಂದ ಹಾದು ಬರುತ್ತದೆ, ಅಸಿಟೇಟ್ ಆದರೆ ಕಪ್ಪಗೆ ಮಂದವಾಗಿ ಇರುತ್ತದೆ. 14 ರೀಲು ಪಾಲಿಯೆಸ್ಟರ್, 22 ಅಸಿಟೇಟ್ ಅಂತ ಆಯಿತು. ಅಸಿಟೇಟ್ ರೀಲುಗಳ ಡಬ್ಬಿಗೆ ಒಂದೊಂದು ಎ-ಡಿ ಸ್ಟ್ರಿಪ್ ಹಾಕಿ ಮುಚ್ಚಿದೆವು. ಆಮ್ಲ ತಗುಲಿದರೆ ಬಣ್ಣ ಬದಲಾಯಿಸುವ ಕಾಗದದ ಪಟ್ಟಿ ಅದು: ನೀಲಿ ಇದ್ದರೆ ಸರಿ, ಹಸಿರಿಗೆ ತಿರುಗಿದರೆ ಎಚ್ಚರಿಕೆ, ಹಳದಿಯಾದರೆ ಕೈಮೀರುತ್ತಿದೆ. ಅಮೆರಿಕದ ರೋಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ತಯಾರಿಸುವ ಈ ಪಟ್ಟಿಯ ಜೊತೆ ಹೋಲಿಸಿ ನೋಡಲು ಬಣ್ಣದ ಗೆರೆಗಳಿರುವ ಪೆನ್ಸಿಲ್ ಕೂಡ ಕೊಡುತ್ತಾರೆ. ಕೋಣೆಯ ಉಷ್ಣತೆಯಲ್ಲಿ ಕನಿಷ್ಠ 24 ಗಂಟೆ ಬಿಡಬೇಕು. ತೆಗೆದ ಕೂಡಲೇ ಬಣ್ಣ ಬರೆದುಕೊಳ್ಳಬೇಕು. ಹೊರಗಿನ ಗಾಳಿಗೆ ಇಟ್ಟರೆ ಅದು ನಿಧಾನಕ್ಕೆ ಹಿಂದಕ್ಕೆ ತಿರುಗುತ್ತದೆ.

ಬುಧವಾರ ನೋಡಿದರೆ 9 ನೀಲಿ, 8 ಹಸಿರು, 5 ಹಳದಿ. ಹಳದಿಯ ಐದರಲ್ಲಿ ಎರಡಕ್ಕೆ ಆಗಲೇ ಸುಕ್ಕು ಬಿದ್ದಿತ್ತು. ಹಾಳೆ ಕುಗ್ಗುತ್ತದೆ, ಮೇಲಿನ ಜೆಲಾಟಿನ್ ಪದರ ಅಷ್ಟು ಕುಗ್ಗುವುದಿಲ್ಲ, ಆಗ ಅದು ಹಾಳೆಯಿಂದ ಬಿಟ್ಟುಕೊಂಡು ಕಾಲುವೆಗಳ ಹಾಗೆ ಉಬ್ಬುತ್ತದೆ. ಅಕ್ಷರಗಳು ಆ ಉಬ್ಬಿನ ಮೇಲೇ ಇರುತ್ತವೆ. ಅದನ್ನು ಮತ್ತೆ ಚಪ್ಪಟೆ ಮಾಡಲು ನಮ್ಮಂಥ ಗ್ರಂಥಾಲಯದಲ್ಲಿ ಉಪಾಯವಿಲ್ಲ.

ಹಳದಿ ರೀಲುಗಳನ್ನು ಬೇರೆ ಕೋಣೆಗೆ ಸಾಗಿಸಿದ್ದಾಗಿದೆ, ಉಳಿದವಕ್ಕೆ ಆಮ್ಲದ ಆವಿ ತಗುಲಬಾರದಲ್ಲ. ಮೊದಲು ಅವನ್ನೇ ಸ್ಕ್ಯಾನ್ ಮಾಡಬೇಕು. ಹಸಿರಿನವು ಎರಡೆರಡು ಜಿಪ್ ಚೀಲದೊಳಗೆ ಫ್ರಿಜ್ ಸೇರಿದವು. ಹೊರಗೆ ತೆಗೆಯುವಾಗ ಚೀಲ ಬಿಚ್ಚದೆ ಅರ್ಧ ದಿನ ಹಾಗೇ ಬಿಡಬೇಕು. ತಣ್ಣನೆಯ ಫಿಲ್ಮಿನ ಮೇಲೆ ಬೆವರು ಕೂತರೆ ಜೆಲಾಟಿನ್ ಅಂಟಿಕೊಳ್ಳುತ್ತದೆ.

ಹಾಗೇ ನೋಡುತ್ತಾ ಮೂರು ರೀಲಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದು ಕಾಣಿಸಿತು. ಅಕ್ಕರೆಯಿಂದಲೇ ಸುತ್ತಿರುತ್ತಾರೆ. ರಬ್ಬರಿನ ಗಂಧಕ ಫಿಲ್ಮಿನ ಬೆಳ್ಳಿಯ ಮೇಲೆ ಕಲೆ ಮಾಡುತ್ತದೆ. ಆಮ್ಲವಿಲ್ಲದ ಕಾಗದದ ಪಟ್ಟಿಗೆ ದಾರ ಕಟ್ಟಿದರೆ ಸಾಕಿತ್ತು.

ಗುರುವಾರ ಒಬ್ಬರು ಹಿರಿಯರು ಬಂದು "ಇದೆಲ್ಲ ಸ್ಕ್ಯಾನ್ ಆಗಿದೆಯಲ್ಲ, ಕಂಡೆಮ್ ಮಾಡಿಬಿಡಿ" ಎಂದರು, ಅಂದರೆ ಕೆಲಸಕ್ಕೆ ಬಾರದ್ದೆಂದು ತೆಗೆದುಹಾಕಿ ಅಂತ. ಅವರು ಆ ಪಿಡಿಎಫ್ ತೆರೆದು ನೋಡಿರಲಿಲ್ಲ, ಅದು ನನಗೆ ಖಾತ್ರಿ. ಹಿಂದೊಮ್ಮೆ ಗುತ್ತಿಗೆಗೆ ಕೊಟ್ಟು ಮಾಡಿಸಿದ ಸ್ಕ್ಯಾನು ಬರೀ ಕಪ್ಪು-ಬಿಳುಪಿನದು, ನಡುವೆ ಬೂದು ಛಾಯೆಯೇ ಇಲ್ಲ. ಇಂಗ್ಲಿಷ್ ಅಕ್ಷರ ಹೇಗೋ ತಾಳಿಕೊಂಡೀತು, ಕನ್ನಡ ತಾಳಿಕೊಳ್ಳುವುದಿಲ್ಲ. ದ, ಥ, ಧ ಮೂರಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕೆ, ಒಂದು ಸೀಳು. ಪ, ಷ, ಫ ಕತೆಯೂ ಅದೇ. ಪತ್ರಿಕೆಯ ಸಣ್ಣ ಅಚ್ಚಿನಲ್ಲಿ ಅನುಸ್ವಾರದ ಸೊನ್ನೆ ತುಂಬಿಕೊಂಡು ಮಸಿ ಬೊಟ್ಟಾಗಿತ್ತು, ಒತ್ತಕ್ಷರಗಳು ಕೆಳಗಿನ ಸಾಲಿಗೆ ಅಂಟಿದ್ದವು. ಕಪ್ಪಿನಿಂದ ಬಿಳುಪಿನವರೆಗೆ ಹಲವು ಮೆಟ್ಟಿಲಿರುವ 8 ಬಿಟ್ ಬೂದು ಛಾಯೆಯಲ್ಲಿ, ಮೂಲ ಪುಟದ ಅಳತೆಗೆ 400 ಡಿಪಿಐ (ಅಂಗುಲಕ್ಕೆ 400 ಚುಕ್ಕೆ) ಬರುವ ಹಾಗೆ ಮಾಡಿಸಿದರೆ ಇವೆಲ್ಲ ಉಳಿಯುತ್ತವೆ. 100 ಅಡಿಯ 35 ಮಿಲಿಮೀಟರ್ ರೀಲಿನಲ್ಲಿ ಪತ್ರಿಕೆಯ ಸುಮಾರು 600ರಿಂದ 800 ಪುಟ ಇರುತ್ತದೆ. ಒಂದೊಂದನ್ನೂ ಎಣಿಸಿ, "ಸಂಚಿಕೆ ಸಿಕ್ಕಿಲ್ಲ" ಎಂಬ ಫಲಕದ ಫ್ರೇಮುಗಳನ್ನೂ ಗುರುತು ಹಾಕಿಕೊಳ್ಳದೆ ಸ್ಕ್ಯಾನ್ ಮುಗಿಯಿತು ಅನ್ನಬಾರದು.

ಬೇರೆ ಕಡೆ ಪ್ರತಿ ಇರಬಹುದು, ನಿಜ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ನಮ್ಮ ಪತ್ರಿಕೆಗಳನ್ನು ಫಿಲ್ಮಿಗೆ ಇಳಿಸಿತು. 1967ರಲ್ಲಿ ಹುಟ್ಟಿದ ದಕ್ಷಿಣ ಏಷ್ಯಾ ಮೈಕ್ರೋಫಾರ್ಮ್ ಯೋಜನೆಯ ರೀಲುಗಳನ್ನು ಷಿಕಾಗೋದಲ್ಲಿ ಕಾಯುತ್ತಾರೆ. ಹಾಗಂತ ಇಲ್ಲಿರುವ ಪ್ರತಿಯೊಂದಕ್ಕೂ ಅಲ್ಲಿ ಜೋಡಿ ಇದೆ ಎಂದು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಮೂಲ ಕಾಗದ ಗೆದ್ದಲಿಗೆ ಹೋಗಿ, ಉಳಿದಿರುವುದು ಈ ಒಂದೇ ರೀಲು ಎನ್ನುವಂಥವೂ ಊರೂರಿನಲ್ಲಿ ಇವೆ. ಕಂಡೆಮ್ ಪಟ್ಟಿಗೆ ಸಹಿ ಹಾಕುವ ಮುನ್ನ ಇನ್ನೆಲ್ಲಿ ಪ್ರತಿಯಿದೆ ಎಂದು ಹುಡುಕುವುದು ಒಂದು ವಾರದ ಕೆಲಸ. ಆ ಒಂದು ವಾರ ಕೊಡಲು ಯಾಕೆ ಇಷ್ಟು ಜಿಪುಣತನ?

ವಿದ್ಯಾರ್ಥಿನಿಗೆ ಬೇಕಿದ್ದ ರೀಲು ನೀಲಿಯ ಒಂಬತ್ತರಲ್ಲಿ ಇತ್ತು. ಶುಕ್ರವಾರ ಬಂದಳು. ರೀಲನ್ನು ಓದುವ ಯಂತ್ರದ ಎಡಗಡೆಯ ಕಡ್ಡಿಗೆ ಹಾಕಿ, ಫಿಲ್ಮನ್ನು ಅಂಚಲ್ಲಷ್ಟೇ ಹಿಡಿದು, ಉರುಳೆಯ ಕೆಳಗಿನಿಂದ ಎರಡು ಗಾಜುಗಳ ನಡುವೆ ತೂರಿಸಿ ಬಲಗಡೆಯ ಖಾಲಿ ರೀಲಿಗೆ ಸಿಕ್ಕಿಸುವುದನ್ನು ಎರಡನೇ ಸಲಕ್ಕೇ ಕಲಿತಳು. ಜೋರಾಗಿ ಓಡಿಸುವಾಗ ಗಾಜು ಎತ್ತಿರಬೇಕು, ಇಲ್ಲದಿದ್ದರೆ ಸಿಕ್ಕಿಬಿದ್ದ ಒಂದು ಕಣ ಧೂಳು ರೀಲಿನ ಉದ್ದಕ್ಕೂ ಗೀರು ಎಳೆಯುತ್ತದೆ. ಅದನ್ನೂ ಮರೆಯಲಿಲ್ಲ.

ಓದಿ ಮುಗಿಸಿ ರೀಲು ವಾಪಸಿಡಲು ಹೋದವಳು ಕೆಳಗಿನ ನಾಲ್ಕನೇ ಡ್ರಾಯರನ್ನೂ ತಾನಾಗಿ ಎಳೆದು, ಬಗ್ಗಿ ಮೂಗು ಹತ್ತಿರ ಒಯ್ದಳು.

"ಇಲ್ಲೂ ಸ್ವಲ್ಪ ಇದೆ ಸರ್."