ಕಸ ತೆಗೆದದ್ದೇ ತಪ್ಪಾಯ್ತು: 369ನೇ ರೆಜಿಮೆಂಟ್ ಪರೇಡ್, ಮೂರನೇ ಕಂತು

ನಾನು ರಿಪೇರಿ ಮಾಡುತ್ತಿರುವ ಹಳೇ ಪರೇಡ್ ಫಿಲಂನಲ್ಲಿ ಹನ್ನೊಂದು ವಾರ ಕಾಡಿದ ಕುಂಟು ನಿನ್ನೆ ರಾತ್ರಿ ನಿಂತಿತು. ಫಿಫ್ತ್ ಅವೆನ್ಯೂನಲ್ಲಿ ಸೈನಿಕರು ಈಗ ಮನುಷ್ಯರ ಹಾಗೆ ನಡೆಯುತ್ತಿದ್ದಾರೆ. ಮನೆಯವರನ್ನು ಎಬ್ಬಿಸಿ ತೋರಿಸಿದೆ. "ಮೊದಲೂ ನಡೀತಾನೇ ಇದ್ರಲ್ಲ" ಅಂದು ಮಗ್ಗುಲು ಬದಲಿಸಿದರು.

ಮೊದಲ ಕಂತು ಓದದವರಿಗೆ: ಇದು ನ್ಯೂಯಾರ್ಕ್, 1919ರ ಫೆಬ್ರವರಿ 17. ಹಾರ್ಲೆಮ್‌ನ ಕಪ್ಪು ಸೈನಿಕರ ರೆಜಿಮೆಂಟ್ ಮೊದಲ ಮಹಾಯುದ್ಧದಿಂದ ಮನೆಗೆ ಬಂದ ದಿನ. 1917ರಲ್ಲಿ ಹೊರಡುವಾಗ ನಗರದ ಬೀಳ್ಕೊಡುಗೆ ಪರೇಡ್‌ಗೆ ಇವರನ್ನು ಸೇರಿಸಿಕೊಂಡಿರಲಿಲ್ಲ. ಆಮೇಲೆ ಫ್ರೆಂಚ್ ಸೇನೆಯ ಕೈಕೆಳಗೆ 191 ದಿನ ಮುಂಚೂಣಿಯಲ್ಲಿ ಕಳೆದರು. ವಾಪಸು ಬಂದಾಗ ಮಾಮೂಲಿ ಸಾಲು ಬಿಟ್ಟು, ಫ್ರೆಂಚರ ಕ್ರಮದಲ್ಲಿ ಹೆಗಲಿಗೆ ಹೆಗಲು ಒತ್ತಿ, ರಸ್ತೆ ತುಂಬಾ ಗೋಡೆ ಹಾಗೆ ಬಂದರು. ನೋಡಲು ಮೈ ಜುಮ್ಮೆನ್ನುತ್ತದೆ. ರಿಪೇರಿ ಮಾಡುವವನಿಗೆ ಮಾತ್ರ ಅಷ್ಟೂ ಒಂದೇ ತರಹದ ಕಾಲು.

ಅಲುಗಾಟ ನಿಲ್ಲಿಸುವ ಸ್ಟೆಬಿಲೈಸೇಶನ್, ಬೆಳಕಿನ ಮಿಣುಕು (ಫ್ಲಿಕರ್) ತೆಗೆಯುವುದು ಎಲ್ಲ ಎಂದಿನಂತೆ ಆಯ್ತು, ಬರೆಯುವಂಥದ್ದೇನಿಲ್ಲ. ಸೆಕೆಂಡಿಗೆ 24 ಫ್ರೇಮನ್ನು ಟಿವಿಯ 29.97ಕ್ಕೆ ಹೊಂದಿಸುವ ಪುಲ್‌ಡೌನ್ ಕೂಡ ವೇಪರ್‌ಸಿಂತ್ ಎಂಬ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಒಂದೇ ಸಂಜೆಗೆ ಬಿಚ್ಚಿಕೊಂಡಿತು. 24 ಸಿಕ್ಕಿತು ಅಂತ ಕಾಫಿ ಕುಡಿದು ಪ್ಲೇ ಒತ್ತಿದರೆ ಪರೇಡ್ ಪೂರ್ತಿ ಕುಂಟುತ್ತಿದೆ. ಎರಡು ಹೆಜ್ಜೆ ಸರಾಗ, ಒಂದು ಎಡವು.

ಕಾರಣ ನಿಮಗೆ ಗೊತ್ತೇ ಇರುತ್ತದೆ. ಕೈಯಲ್ಲಿ ತಿರುಗಿಸುವ ಕ್ಯಾಮೆರಾ, ಸೆಕೆಂಡಿಗೆ ಸುಮಾರು ಎರಡು ಸುತ್ತು, ಸುತ್ತಿಗೆ ಎಂಟು ಫ್ರೇಮ್. ಅದನ್ನು 24ಕ್ಕೆ ಎಳೆಯಲು ಮುಂದೆ ಯಾವಾಗಲೋ ಯಾರೋ ಲ್ಯಾಬ್‌ನಲ್ಲಿ ಒಂದು ಬಿಟ್ಟು ಒಂದು ಫ್ರೇಮನ್ನು ಎರಡು ಸಲ ಪ್ರಿಂಟ್ ಮಾಡಿದ್ದಾರೆ. ಎರಡು ಫ್ರೇಮ್ ಮೂರಾಗಿದೆ. ನಕಲು ಹುಡುಕಿ ಕಿತ್ತುಹಾಕಿದರೆ ಮುಗೀತು, ಅಲ್ವಾ?

ಮುಗಿಯಲಿಲ್ಲ. ನಕಲು ಫ್ರೇಮ್ ಕಿತ್ತುಹಾಕುವ ಎಂಪಿಡೆಸಿಮೇಟ್ ಎಂಬ ಫಿಲ್ಟರ್‌ಗೆ ಕೊಟ್ಟರೆ ಅದು ಸುಮ್ನೆ ಕೈ ಚೆಲ್ಲಿತು. ಲ್ಯಾಬ್‌ನಲ್ಲಿ ಎರಡು ಸಲ ಪ್ರಿಂಟ್ ಆದ ಫ್ರೇಮ್ ಕಂಪ್ಯೂಟರಿನ ಕಾಪಿ-ಪೇಸ್ಟ್ ಅಲ್ಲ. ಹೊಸ ಫಿಲಂನ ಗ್ರೇನ್ (ಮರಳಿನಂಥ ಕಣ) ಬೇರೆ, ಅಲುಗಾಟ ಬೇರೆ. ಎಷ್ಟು ವ್ಯತ್ಯಾಸದವರೆಗೆ ನಕಲು ಅನ್ನುವ ಮಿತಿಯನ್ನು (ಥ್ರೆಶೋಲ್ಡ್) ಇಳಿಸಿದರೆ ನಕಲು ತಪ್ಪಿಸಿಕೊಳ್ಳುತ್ತದೆ. ಏರಿಸಿದರೆ ಜನ ಸುಮ್ಮನೆ ನಿಂತಿರುವ ಶಾಟ್‌ನ ಅಸಲಿ ಫ್ರೇಮ್‌ಗಳೂ ಹಾರಿಹೋಗುತ್ತವೆ. ಮೂರಕ್ಕೊಂದು ಅಂತ ಕಣ್ಣು ಮುಚ್ಚಿ ಕತ್ತರಿಸೋಣ ಅಂದರೆ ಫಿಲಂ ತುಂಡು ಅಂಟಿಸಿದ ಪ್ರತಿ ಸ್ಪ್ಲೈಸ್‌ನಲ್ಲೂ ಲೆಕ್ಕ ತಪ್ಪುತ್ತದೆ.

ಬೇಸತ್ತು ಆನ್‌ಲೈನ್‌ನಲ್ಲಿ ಒಬ್ಬ ಮಾರುತ್ತಿದ್ದ "4ಕೆ ಅಸಲಿ ಸ್ಕ್ಯಾನ್" ಕೊಂಡೆ. ಕುಂಟು ಹಾಗೇ ಇದೆ, ಮೇಲೆ ಬಣ್ಣ ಬೇರೆ ಬಳಿದಿದ್ದಾನೆ. ಮುಖಗಳೆಲ್ಲ ಮೇಣದ ಗೊಂಬೆ. ಒಬ್ಬ ಸೈನಿಕನ ಹೆಲ್ಮೆಟ್ ಮೂರು ಫ್ರೇಮ್‌ ಕಾಲ ಪಕ್ಕದವನ ಕಿವಿಯಾಗಿತ್ತು. ದುಡ್ಡು ವಾಪಸು ಕೇಳಿದ್ದಕ್ಕೆ ಕೈ ಮುಗಿಯುವ ಎಮೋಜಿ ಬಂತು.

ಕೊನೆಗೆ ದಾರಿ ತೋರಿಸಿದ್ದು ಕಸ. ಶನಿವಾರ ಸುಮ್ನೆ ಮೂಲ ಫೈಲನ್ನು ಒಂದೊಂದೇ ಫ್ರೇಮ್ ಒತ್ತುತ್ತಾ ಕೂತಿದ್ದೆ. ಒಂದು ಕೂದಲಿನಂಥ ಗೀರು ಎರಡು ಫ್ರೇಮ್‌ನಲ್ಲಿ ಕಂಡಿತು, ಅದೇ ಜಾಗ, ಅದೇ ಆಕಾರ. ಫಿಲಂ ಮೇಲೆ ಅಂಟಿದ ಕಸ ಒಂದೇ ಫ್ರೇಮ್‌ನಲ್ಲಿ ಇರಬೇಕು ತಾನೆ? ಎರಡರಲ್ಲಿ ಇದ್ದರೆ ಆ ಎರಡೂ ಒಂದೇ ಫ್ರೇಮ್‌ನ ಮಕ್ಕಳು! ನಾನೋ, ಮಹಾ ಶುಚಿ ಮನುಷ್ಯ, ಮೊದಲ ದಿನವೇ ಡಸ್ಟ್ ಫಿಲ್ಟರ್ ಹಾಕಿ ಸಾಕ್ಷಿಯನ್ನೆಲ್ಲ ಗುಡಿಸಿಬಿಟ್ಟಿದ್ದೆ. ಹತ್ತು ವಾರ ಗುಡಿಸಿದ ಮನೆಯಲ್ಲಿ ಕಳ್ಳನ ಹೆಜ್ಜೆ ಹುಡುಕಿದಂತಾಯ್ತು.

ಮತ್ತೆ ಮೊದಲಿನಿಂದ. ಕಸ ಹಾಗೇ ಇಟ್ಟು, ಗ್ರೇನ್ ಮಾತ್ರ ಸ್ವಲ್ಪ ಮಸುಕು ಮಾಡಿ, ಚಿಕ್ಕ ಕಪ್ಪು-ಬಿಳಿ ಚುಕ್ಕೆಗಳ ನಕ್ಷೆ ತೆಗೆದು, ಪಕ್ಕದ ಫ್ರೇಮ್‌ಗೆ ಹೋಲಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ. ವ್ಯತ್ಯಾಸದ ಗ್ರಾಫ್‌ನಲ್ಲಿ ಮೂರಕ್ಕೊಂದು ಗುಂಡಿ ಸ್ಪಷ್ಟವಾಗಿ ಬಿತ್ತು. ಸ್ಪ್ಲೈಸ್ ಬಂದಲ್ಲಿ ಗುಂಡಿಯ ಜಾಗ ಬದಲಾಗುತ್ತದೆ, ಅದನ್ನೂ ಅದೇ ಹಿಡಿಯುತ್ತದೆ. ಕಸ ತೆಗೆಯುವುದು ಈಗ ಕಟ್ಟಕಡೆಯ ಕೆಲಸ.

ಆಮೇಲಿನದು ಮಜಾ. ಪ್ರತಿ ಶಾಟ್‌ನ ಅಸಲಿ ವೇಗ ಹುಡುಕಬೇಕು. ಡ್ರಿಲ್ ಪುಸ್ತಕದ ಪ್ರಕಾರ ಅಮೆರಿಕನ್ ಸೇನೆಯ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಅಂದರೆ ಹೆಜ್ಜೆಗೆ ಅರ್ಧ ಸೆಕೆಂಡ್. ಒಂದು ಶಾಟ್‌ನಲ್ಲಿ ಹೆಜ್ಜೆಗೆ ಎಂಟು ಫ್ರೇಮ್ ಸಿಕ್ಕಿತು: ಸೆಕೆಂಡಿಗೆ 16. ಮುಂದಿನದರಲ್ಲಿ ಒಂಬತ್ತು, ಅಂದರೆ 18. ಹಿಡಿಕೆ ತಿರುಗಿಸಿದವನೂ ಬ್ಯಾಂಡ್‌ಗೆ ಸ್ವಲ್ಪ ಹುಮ್ಮಸ್ಸಾಗಿದ್ದಾನೆ ಅಂದುಕೊಂಡೆ. ಅದು ರೆಜಿಮೆಂಟಿನ ಬ್ಯಾಂಡ್ ನಾಯಕ ಜೇಮ್ಸ್ ರೀಸ್ ಯೂರೋಪ್ ಅವರ ಬ್ಯಾಂಡ್, ಯಾರಿಗಾದರೂ ಆಗುತ್ತದೆ. ಇದೇ ಬ್ಯಾಂಡ್ 1919ರಲ್ಲೇ ಪಾಥೆ ಕಂಪನಿಗೆ ರೆಕಾರ್ಡ್ ಮಾಡಿದೆ. ಅದನ್ನು ಜೋಡಿಸಿ ವೇಗ ನೋಡು ಅಂದ ಗೆಳೆಯನೊಬ್ಬ. ಬೇಡಪ್ಪ. ಆ ತಟ್ಟೆ ಸರಿಯಾದ ವೇಗದಲ್ಲಿ ತಿರುಗುತ್ತಿದೆ ಅಂತ ಯಾರು ಹೇಳಬೇಕು? ಕುಂಟನಿಗೆ ಇನ್ನೊಬ್ಬ ಕುಂಟನನ್ನು ಊರುಗೋಲು ಮಾಡಿದ ಹಾಗಾಗುತ್ತದೆ.

ಈ ಹೆಜ್ಜೆ ಲೆಕ್ಕ ಸಿಕ್ಕ ಮೇಲೆ ತಲೆಯಲ್ಲಿ ಓಡುತ್ತಿರುವುದು ಮೈಸೂರು ದಸರಾ. ನೆಂಟರ ಮನೆ ಅಟ್ಟದಲ್ಲಿ ಜಂಬೂಸವಾರಿಯ 8 ಎಂಎಂ ರೀಲ್ ಒಂದಿದೆ. ಕೀ ಕೊಡುವ ಕ್ಯಾಮೆರಾದ್ದು, ಸ್ಪ್ರಿಂಗ್ ಸಡಿಲವಾದಂತೆ ವೇಗ ಇಳಿದಿರುತ್ತದೆ. ಪೊಲೀಸ್ ಬ್ಯಾಂಡ್ ಇರುವವರೆಗೆ ಪರವಾಗಿಲ್ಲ. ಆನೆಗೆ ಡ್ರಿಲ್ ಪುಸ್ತಕ ಇಲ್ಲವಲ್ಲ! ಸ್ಕ್ಯಾನರ್ ನಾನೇ ಕಟ್ಟುತ್ತಿದ್ದೇನೆ. ಎಸ್.ಪಿ. ರೋಡಿನ ಒಂದು ಅಂಗಡಿಯವನು ಒಂದೊಂದೇ ಹೆಜ್ಜೆ ತಿರುಗಿ ನಿಲ್ಲುವ ಸ್ಟೆಪ್ಪರ್ ಮೋಟರ್ ಅಂತ ಡಬ್ಬಿಯಲ್ಲಿ ಹಾಕಿ ಕೊಟ್ಟದ್ದು ಮಾಮೂಲಿ ಡಿಸಿ ಮೋಟರ್. "ಇದೂ ತಿರುಗುತ್ತೆ ಸಾರ್" ಅಂದ. ತಿರುಗುತ್ತೆ, ನಿಲ್ಲಲ್ಲ.

ಪರೇಡ್‌ನಲ್ಲಿ ಇನ್ನು ಉಳಿದದ್ದು ಇದೇ ರೆಜಿಮೆಂಟಿನ ಯುದ್ಧವೀರ ಹೆನ್ರಿ ಜಾನ್ಸನ್ ಅವರ ಶಾಟ್. ಆ ದಿನ ಅವರು ನಡೆಯಲಿಲ್ಲ, ತೆರೆದ ಕಾರಿನಲ್ಲಿ ಕೈ ಬೀಸುತ್ತಾ ಬಂದರು. ಅಲ್ಲಿ ಎಣಿಸಲು ಹೆಜ್ಜೆಯೇ ಇಲ್ಲ. ಸದ್ಯಕ್ಕೆ ಸೆಕೆಂಡಿಗೆ 17 ಫ್ರೇಮ್ ಅಂತ ಇಟ್ಟು, ಫುಟ್‌ಪಾತ್‌ನಲ್ಲಿ ಯಾರಾದರೂ ನೆಟ್ಟಗೆ ನಡೆದುಹೋಗುತ್ತಾರಾ ಅಂತ ನೋಡುತ್ತಾ ಕೂತಿದ್ದೇನೆ.