ಮಂಡ್ಯದಿಂದ ಮೆಟಲ್ ಗಿಗ್‌ಗೆ: ಮೊದಲು ವಾಪಸ್ ಬರುವ ದಾರಿ ನೋಡಿಕೊಳ್ಳಿ

ಮಂಡ್ಯ, ಮದ್ದೂರು ಕಡೆಯಿಂದ ಬೆಂಗಳೂರಿಗೆ ಮೆಟಲ್ ಗಿಗ್ (ಗಿಟಾರ್, ಡ್ರಮ್ ಅಬ್ಬರದ ಹೆವಿ ಮೆಟಲ್ ಸಂಗೀತದ ಷೋ) ನೋಡಲು ಹೊರಡುವವರು ಟಿಕೆಟ್ ತಗೊಳ್ಳುತ್ತಾರೆ, ಹೋಗುವ ರೈಲು ನೋಡಿಕೊಳ್ಳುತ್ತಾರೆ. ರಾತ್ರಿ ಗಿಗ್ ಮುಗಿದ ಮೇಲೆ ಊರು ಸೇರುವುದು ಹೇಗೆ ಅನ್ನುವುದನ್ನು ಮಾತ್ರ ಆಮೇಲೆ ನೋಡೋಣ ಅಂತ ಬಿಡುತ್ತಾರೆ. ನನ್ನ ಮಾತು ಕೇಳಿ, ಅದನ್ನೇ ಮೊದಲು ನೋಡಿ. ಅದೊಂದು ಸರಿಹೋದರೆ ಮಿಕ್ಕಿದ್ದೆಲ್ಲ ಸಲೀಸು.

ನಾನು ಮೊದಲ ಸಲ ಹೋಗಿದ್ದು 2011ರ ಅಕ್ಟೋಬರ್ 30, ಭಾನುವಾರ. ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಷೋ. ಆಗ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಎರಡು ದಿನ ಮೊದಲು ದೆಹಲಿ ಕಡೆ ಆಗಬೇಕಿದ್ದ ಷೋ ರದ್ದಾಗಿತ್ತು. ನಮ್ಮದೂ ಹೋಯ್ತು ಅಂತ ರೂಮಿನಲ್ಲಿ ಯಾರಿಗೂ ನಿದ್ದೆ ಇಲ್ಲ. ಷೋ ಆಯ್ತು. ಮುಗಿದ ಮೇಲೆ ಆಟೊ ಸಿಗದೆ ಮೆಜೆಸ್ಟಿಕ್‌ವರೆಗೆ ನಡೆದೆವು. ಬೆಂಗಳೂರಿನಲ್ಲಿ ಮೆಟ್ರೊ ಶುರುವಾಗಿ ಆಗ ಹತ್ತೇ ದಿನ, ಅದೂ ಎಂ.ಜಿ. ರೋಡಿನಿಂದ ಬೈಯಪ್ಪನಹಳ್ಳಿವರೆಗೆ ಮಾತ್ರ. ಬೆಳಗಿನ ಜಾವ ಮಂಡ್ಯದಲ್ಲಿ ಇಳಿದಾಗ ಕಾಲು ಬೊಬ್ಬೆ ಬಂದಿತ್ತು. ಕಿವಿ ಎರಡು ದಿನ ಗುಂಯ್ ಅನ್ನುತ್ತಿತ್ತು.

ದೊಡ್ಡ ಬ್ಯಾಂಡ್‌ಗಳ ಷೋ ಹೀಗೆ ಎಷ್ಟೋ ವರ್ಷಕ್ಕೊಮ್ಮೆ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2012ರಲ್ಲಿ ಸ್ಲೇಯರ್ ಬಂದಿದ್ದನ್ನು ಇವತ್ತಿಗೂ ಹೇಳಿಕೊಂಡು ತಿರುಗುವವರಿದ್ದಾರೆ. ಆದರೆ ನೀವು ಕಾಯುತ್ತಾ ಕೂರಬೇಕಾಗಿಲ್ಲ. ಬೆಂಗಳೂರಿನವರದೇ ಬ್ಯಾಂಡ್‌ಗಳು ಪಬ್‌ಗಳಲ್ಲಿ, ಸಣ್ಣ ಹಾಲ್‌ಗಳಲ್ಲಿ ನುಡಿಸುತ್ತವೆ. ನನಗೆ ಈಗ ಜಾಸ್ತಿ ಇಷ್ಟ ಇವೇ. ಮೈದಾನದಲ್ಲಿ ಮೆಟಾಲಿಕಾದವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಇಲ್ಲಿ ಗಿಟಾರ್ ತಂತಿ ಬದಲಾಯಿಸುವವನ ಕೈ ನಡುಗುವುದೂ ಕಾಣುತ್ತದೆ.

ಕಳೆದ ವರ್ಷ ಕಬ್ಬು ಅರೆಯುವ ಕಾಲದಲ್ಲಿ ಒಂದು ಶನಿವಾರ ಹೋದೆವು. ನಾನು, ಮೈಸೂರಿನಲ್ಲಿರುವ ಚಿಕ್ಕಪ್ಪನ ಮಗ. ಅವನಿಗೆ ಅದೇ ಮೊದಲ ಗಿಗ್. ಜಾಗ ಇಂದಿರಾನಗರದ ಒಂದು ಪಬ್, ನಾಲ್ಕು ಬ್ಯಾಂಡ್, ತಲಾ 600 ರೂಪಾಯಿ ಟಿಕೆಟ್. ಪಬ್‌ನ ಗಿಗ್‌ಗಳಿಗೆ ಬಹುತೇಕ ಕಡೆ 21 ವರ್ಷ ತುಂಬಿರಲೇಬೇಕು. ಬಾಗಿಲಲ್ಲಿ ಆಧಾರ್ ಅಥವಾ ಡಿಎಲ್ ಕೇಳುತ್ತಾರೆ. ಬಿಯರ್ ಮುಟ್ಟುವುದಿಲ್ಲ ಅಂದರೂ ಬಿಡುವುದಿಲ್ಲ. ಅದಕ್ಕಿಂತ ಚಿಕ್ಕವರು ಟಿಕೆಟ್ ತಗೊಳ್ಳುವ ಮೊದಲೇ ವಯಸ್ಸಿನ ನಿಯಮ ನೋಡಿಕೊಳ್ಳಿ. ಅಲ್ಲಿಯವರೆಗೆ ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಫೆಸ್ಟ್‌ನಲ್ಲಿ ಬ್ಯಾಂಡ್ ಸ್ಪರ್ಧೆ ಇದ್ದಾಗ ತಪ್ಪಿಸಿಕೊಳ್ಳಬೇಡಿ.

ನನ್ನ ಈ ತಮ್ಮ ಮೈಸೂರಿನಲ್ಲೇ ರೈಲು ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಕಿಕೊಂಡು ಬಂದಿದ್ದ. ಮಂಡ್ಯದಲ್ಲಿ ಹತ್ತುವವರಿಗೆ ಶನಿವಾರ ಮಧ್ಯಾಹ್ನ ಸೀಟು ಸಿಗುವುದು ಕಷ್ಟ. ಮೈಸೂರಿನಲ್ಲಿ ಗೆಳೆಯರಿದ್ದರೆ ಹೀಗೆ ಮಾಡಿ. ಇಲ್ಲದಿದ್ದರೆ ಕಾಯ್ದಿರಿಸಿ, ಯಾಕಂದ್ರೆ ರಾತ್ರಿ ಮೂರು ನಾಲ್ಕು ಗಂಟೆ ನಿಂತೇ ಇರಬೇಕು. ಹೋಗುವಾಗಲೇ ಕಾಲು ಸವೆಸಬೇಡಿ. ಮದ್ದೂರಿನಲ್ಲಿ ವಡೆ ಬಂತು, ನಾಲ್ಕು ಕಟ್ಟಿಸಿಕೊಂಡೆವು. ಎರಡು ತಿಂದು ಎರಡು ಬ್ಯಾಗಿನಲ್ಲಿಟ್ಟೆವು. ಮದ್ದೂರು ವಡೆ ಕೆಡುವುದಿಲ್ಲ, ಪಬ್‌ನಲ್ಲಿ ಒಂದು ಪ್ಲೇಟ್ ಆಲೂಗೆಡ್ಡೆಗೆ ಕೊಡುವ ದುಡ್ಡೂ ಉಳಿಯುತ್ತದೆ.

ರೈಲಿನಲ್ಲಿ ಕ್ರಿಪ್ಟೋಸ್‌ನ 2024ರ ಆಲ್ಬಂ ‘ಡೆಸಿಮೇಟರ್’ ಹಾಕಿ, ಒಂದು ಇಯರ್‌ಫೋನ್ ಅವನಿಗೆ ಕೊಟ್ಟೆ. 1998ರಲ್ಲಿ ಶುರುವಾದ ಬೆಂಗಳೂರಿನ ಬ್ಯಾಂಡ್ ಇದು. 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿ ಬಂದವರು. ಎರಡು ಗಿಟಾರ್ ಒಂದರ ಬೆನ್ನಿಗೊಂದು ಓಡುವ ಹಳೇ ಕಾಲದ ಹೆವಿ ಮೆಟಲ್, ಮೇಲೆ ಒರಟು ಗಂಟಲು. ಹೊಸಬರಿಗೆ ಕೇಳಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನೀವೂ ನೋಡಲು ಹೋಗುವ ಬ್ಯಾಂಡ್‌ನ ಹೊಸ ಆಲ್ಬಂ ಅನ್ನು ಒಂದು ವಾರ ಮೊದಲಿಂದ ಕೇಳಿ. ಗಿಗ್‌ನಲ್ಲಿ ಶಬ್ದ ಎಷ್ಟಿರುತ್ತದೆ ಅಂದರೆ ಗೊತ್ತಿಲ್ಲದ ಹಾಡು ಬರೀ ಗದ್ದಲ ಅನಿಸುತ್ತದೆ. ಗೊತ್ತಿರುವ ಹಾಡಾದರೆ ಮೊದಲ ಏಟಿಗೇ ಮೈ ಜುಮ್ ಅನ್ನುತ್ತದೆ.

ಎದುರು ಸೀಟಿನಲ್ಲಿದ್ದ ಯಜಮಾನರು ತಮ್ಮನ ಟೀ ಷರ್ಟನ್ನೇ ನೋಡುತ್ತಿದ್ದರು. ‘ಎದೆ ಮ್ಯಾಲೆ ಅದ್ಯಾಕಪ್ಪಾ ಬುರುಡೆ?’ ಅಂದರು. ಅವನು ಒಂದು ಕ್ಷಣ ತಡವರಿಸಿ, ಬ್ಲ್ಯಾಕ್ ಸಬ್ಬತ್ ಬ್ಯಾಂಡ್‌ನ ಗಿಟಾರ್ ವಾದಕ ಟೋನಿ ಅಯೋಮಿ ಕಥೆ ಹೇಳಿದ. ನಾನೇ ಅವನಿಗೆ ಹೇಳಿದ್ದ ಕಥೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ತಗಡಿನ ಕಾರ್ಖಾನೆಯ ಹುಡುಗ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವನು ಎಡಚ, ಹಾಗಾಗಿ ಗಿಟಾರ್ ತಂತಿ ಒತ್ತುವ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ. ಆಮೇಲೆ ತಂತಿಯ ಬಿಗಿಯನ್ನೂ ಇಳಿಸಿದ. ಆ ಸಡಿಲ ತಂತಿಯ ಭಾರವಾದ ದನಿಯನ್ನೇ ಮೆಟಲ್ ಇವತ್ತಿಗೂ ನುಡಿಸುತ್ತಿದೆ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಬಂದಿದ್ದು 1970ರ ಫೆಬ್ರುವರಿ 13ಕ್ಕೆ. ಯಜಮಾನರು ಪೂರ್ತಿ ಕೇಳಿ, ‘ಆಲೆಮನೆ ಗಾಣಕ್ಕೆ ಕೈ ಸಿಕ್ಕಂಗೆ’ ಅಂದರು. ಹೌದು, ಹಾಗೇ. ಕಬ್ಬಿನ ಸೀಮೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ಇಳಿದ ಮೇಲೆ ದಾರಿ ತುಂಬಾ ಸುಲಭ. ಸಿಟಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಸಂಗೊಳ್ಳಿ ರಾಯಣ್ಣ ಮೆಟ್ರೊ ನಿಲ್ದಾಣ. ಅದು ನೇರಳೆ ಮಾರ್ಗ, ಬದಲಾಯಿಸುವ ಗೋಜಿಲ್ಲದೆ ಸೀದಾ ಇಂದಿರಾನಗರ. ವಾಪಸ್ ಬರುವಾಗಲೂ ಅದೇ ಮಾರ್ಗದಲ್ಲಿ ದೀಪಾಂಜಲಿ ನಗರದಲ್ಲಿ ಇಳಿದರೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ. ಹೋಗುವಾಗಲೇ ಸ್ಟೇಷನ್ನಿನಲ್ಲಿ ಕೊನೇ ಮೆಟ್ರೊ ಎಷ್ಟು ಹೊತ್ತಿಗೆ ಅಂತ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ರಾತ್ರಿ ಹನ್ನೊಂದರ ಆಸುಪಾಸು ಅಂದುಕೊಂಡೇ ಹೊರಡಿ.

ಬಯಲಿನ ಷೋ ಆದರೆ ಇನ್ನೂ ಅನುಕೂಲ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಆದ್ದರಿಂದ ಹತ್ತಕ್ಕೆಲ್ಲ ಮುಗಿಯುತ್ತದೆ. ಒಳಗಿನ ಗಿಗ್‌ಗಳೇ ಎಳೆಯುವುದು. ಏಳಕ್ಕೆ ಅಂದರೆ ಎಂಟಕ್ಕೆ ಶುರು.

ಕಿವಿಗೆ ಇಯರ್‌ಪ್ಲಗ್ ಇಲ್ಲದೆ ಹೋಗಲೇಬೇಡಿ. ಮೆಡಿಕಲ್ ಷಾಪಿನ ಸ್ಪಂಜಿನದಾದರೂ ಸರಿ. ಕಾರ್ಖಾನೆ ಕೆಲಸಗಾರರಿಗಾಗಿ ಅಮೆರಿಕದ ನಯಾಷ್ (ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಸರ್ಕಾರಿ ಸಂಸ್ಥೆ) ಒಂದು ಲೆಕ್ಕ ಹಾಕಿದೆ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು. ಮೇಲೆ 3 ಡೆಸಿಬಲ್ ಏರಿದ ಹಾಗೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬಂದರೆ ಬರೀ 15 ನಿಮಿಷ. ಮೆಟಲ್ ಗಿಗ್ 100 ದಾಟುವುದು ಮಾಮೂಲಿ. ಪ್ಲಗ್ ಹಾಕಿದರೆ ಹಾಡು ಕೇಳಿಸಲ್ಲ ಅಂತ ತಮ್ಮ ಬೇಡ ಅಂದ. ಎರಡನೇ ಹಾಡಿಗೆ ಹಾಕಿಕೊಂಡು, ‘ಅಣ್ಣ, ಈಗ ಗಿಟಾರ್ ಬೇರೆ, ಡ್ರಮ್ ಬೇರೆ ಕೇಳಿಸ್ತಿದೆ’ ಅಂದ. ನಿಜ. ಕಿರಿಚುವ ಶಬ್ದ ಕಡಿಮೆಯಾದರೆ ಒಳಗಿನದು ಬಿಡಿಬಿಡಿಯಾಗಿ ಸಿಗುತ್ತದೆ.

ನಿಲ್ಲುವ ಜಾಗದ ಬಗ್ಗೆ ಒಂದು ಮಾತು. ಒಂದು ಬ್ಯಾಂಡ್ ಪೂರ್ತಿ ವೇದಿಕೆಯ ಪಕ್ಕ, ಡ್ರಮ್ಮರ್‌ನ ಕಾಲು ಕಾಣುವ ಕಡೆ ನಿಲ್ಲಿ. ಆ ರಾತ್ರಿ ನಾನು ಹಾಗೇ ನಿಂತಿದ್ದೆ. ಡ್ರಮ್ಮರ್‌ನದು ತೆಳು ಅಟ್ಟೆಯ ಷೂ, ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ದೊಡ್ಡ ಡ್ರಮ್ ಬಾರಿಸಲು ಎರಡು ಪೆಡಲ್, ಎಡಗಾಲು ಬಲಗಾಲು ಒಂದಾದ ಮೇಲೊಂದು. ಕಣ್ಣಿಗೆ ಕಾಲು ಕಾಣುವುದಿಲ್ಲ, ನಡುಕ ಮಾತ್ರ ಕಾಣುತ್ತದೆ. ಮೂರು ನಿಮಿಷ ನಿಲ್ಲಿಸದೆ ಹೊಡೆದ. ಕಣಕಾಲಿನ ನರ ಹಗ್ಗದ ಹಾಗೆ ಎದ್ದಿತ್ತು. ನಮ್ಮೂರ ಮಾರಿಹಬ್ಬದಲ್ಲಿ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿ, ಚರ್ಮ ಬಿಗಿಯಾಗಿದ್ದೇ ತಡ ಏಟು ಶುರುಮಾಡುತ್ತಾರಲ್ಲ, ಎದೆಯೊಳಗೆ ಯಾರೋ ಕೂತು ಬಡಿದ ಹಾಗೆ ಆಗುತ್ತದಲ್ಲ, ಅದೇ. ಚಿಕ್ಕವನಿದ್ದಾಗ ತಮಟೆಯವರ ಹಿಂದೆ ಊರೆಲ್ಲ ಸುತ್ತಿದವನು ನಾನು. ಮೆಟಲ್ ನನಗೆ ಹೊರಗಿನದು ಅಂತ ಒಂದು ದಿನವೂ ಅನಿಸಿಲ್ಲ.

ಮುಂದೆ ನಡುವಿನಲ್ಲಿ ಮಾಷ್ ಪಿಟ್ ಇರುತ್ತದೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವ ಜಾಗ. ನೋಡಿದರೆ ಜಗಳ ಅನಿಸುತ್ತದೆ, ಜಗಳ ಅಲ್ಲ. ಬಿದ್ದವರನ್ನು ತಕ್ಷಣ ಎತ್ತಬೇಕು, ಬೇಡ ಅಂದವರನ್ನು ಎಳೆಯಬಾರದು. ಇಷ್ಟೇ ಕಟ್ಟಳೆ. ತಮ್ಮ ಒಳಗೆ ಹೋದ. ಐದು ನಿಮಿಷಕ್ಕೆ ಅವನ ಷೂ ಲೇಸ್ ಬಿಚ್ಚಿತು. ನೋಡಿದ್ದು ಅವನಲ್ಲ, ಗಡ್ಡದ ಒಬ್ಬ ಅಪರಿಚಿತ. ಭುಜ ಹಿಡಿದು ನಿಲ್ಲಿಸಿ ಕೆಳಗೆ ಕೈ ತೋರಿಸಿದ. ತಮ್ಮ ಮಂಡಿಯೂರಿ ಲೇಸ್ ಕಟ್ಟುವವರೆಗೆ ಅವನೂ ಇನ್ನೊಬ್ಬನೂ ತೋಳು ಚಾಚಿ ಬೇಲಿಯ ಹಾಗೆ ನಿಂತರು. ಬೆನ್ನಿಗೆ ಏಟು ಬೀಳುತ್ತಲೇ ಇತ್ತು, ಅವರು ಜಗ್ಗಲಿಲ್ಲ. ಕಟ್ಟಿ ಮುಗಿದ ಮೇಲೆ ತಲೆ ಸವರಿ ಒಳಗೆ ತಳ್ಳಿದರು. ನನಗೆ ಕಣ್ಣು ತುಂಬಿ ಬಂತು. ನೀವು ಮಾತ್ರ ಮನೆಯಲ್ಲೇ ಎರಡು ಗಂಟು ಹಾಕಿಕೊಂಡು ಹೋಗಿ, ಚಪ್ಪಲಿ ಖಂಡಿತ ಬೇಡ. ಕನ್ನಡಕ ಇದ್ದವರು ಪಿಟ್‌ನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ.

ಬಾಗಿಲ ಹತ್ತಿರ ಬ್ಯಾಂಡ್‌ನವರೇ ಮೇಜು ಹಾಕಿಕೊಂಡು ಸಿಡಿ, ಟೀ ಷರ್ಟ್ ಮಾರುತ್ತಿರುತ್ತಾರೆ. ಕೈಲಾದರೆ ಒಂದು ತಗೊಳ್ಳಿ. ಟಿಕೆಟ್ ದುಡ್ಡು ನಾಲ್ಕು ಬ್ಯಾಂಡ್‌ಗೆ ಹಂಚಿ ಕೈಗೆ ಎಷ್ಟು ಬರುತ್ತದೆ ನೀವೇ ಲೆಕ್ಕ ಹಾಕಿ. ಊರಿಗೆ ಬಂದ ಮೇಲೆ ಕೊಳ್ಳುವುದಾದರೆ ಬ್ಯಾಂಡ್‌ಗಳು ತಮ್ಮ ಹಾಡು ತಾವೇ ಮಾರುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳಿ. ಅವರು ಡಿಜಿಟಲ್ ಆಲ್ಬಂಗೆ ಸಾಮಾನ್ಯವಾಗಿ 15 ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ. ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಅಂತ ಕೆಲವು ಶುಕ್ರವಾರಗಳಲ್ಲಿ ಆ ಪಾಲನ್ನೂ ಬಿಡುತ್ತಾರೆ.

ಇನ್ನು ವಾಪಸ್ ಬಂದ ಕಥೆ. ಕೊನೆಯ ಬ್ಯಾಂಡ್ ಮುಗಿಯುವ ಎರಡು ಹಾಡು ಮೊದಲೇ ಹೊರಬಿದ್ದೆವು. ಮನಸ್ಸಿಗೆ ಸಂಕಟ, ಆದರೆ ಮೆಟ್ರೊ ಸಿಕ್ಕಿತು. ಸ್ಯಾಟಲೈಟ್‌ನಲ್ಲಿ ರಾತ್ರಿಯೆಲ್ಲ ಮೈಸೂರು ಬಸ್ ಇರುತ್ತದೆ. ಎದುರಿಗೆ ಬಂದಿದ್ದಕ್ಕೆ ಹತ್ತಿ ಕೂತೆವು. ಕಂಡಕ್ಟರ್ ಟಿಕೆಟ್ ಕೊಡುವಾಗ, ‘ಮಂಡ್ಯ ಒಳಗೆ ಹೋಗಲ್ಲ ಸ್ವಾಮಿ, ಬೈಪಾಸಲ್ಲಿ ಇಳೀತೀರಾ?’ ಅಂದರು. ಅಷ್ಟು ಹೊತ್ತಿಗೆ ಬಸ್ ಕೆಂಗೇರಿ ದಾಟಿತ್ತು.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲವನ್ನೂ ಊರೊಳಗೆ ಇಳಿಯದೆ ದಾಟಿ ಹೋಗುತ್ತದೆ. ಮೈಸೂರಿನವರಿಗೆ ‘ತಡೆರಹಿತ’ ಬೋರ್ಡಿನ ಬಸ್ ವರ. ನಡುವಿನ ಊರಿನವರು ಬೋರ್ಡ್ ಓದಿ, ಊರೊಳಗೆ ಹೋಗುತ್ತದಾ ಅಂತ ಕೇಳಿ, ಆಮೇಲೆ ಕಾಲಿಡಿ. ಬೈಕಿನಲ್ಲಿ ಹೋಗುವ ಯೋಚನೆ ಇದ್ದರೆ ಬಿಡಿ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ನಾಲ್ಕು ಗಂಟೆ ತಲೆ ಕೊಡವಿ ಕತ್ತು ಬಿಗಿದಿರುವಾಗ, ಸರ್ವಿಸ್ ರಸ್ತೆಯಲ್ಲಿ ನಡುರಾತ್ರಿ ಬೈಕ್ ಓಡಿಸುವುದು ಅಪಾಯ.

ಒಂದೂವರೆ ಗಂಟೆಯ ಹೊತ್ತಿಗೆ ಬೈಪಾಸಿನಲ್ಲಿ ಇಳಿದೆವು. ದೀಪ ಇಲ್ಲ, ಕಬ್ಬಿನ ಗದ್ದೆಯಿಂದ ತಣ್ಣನೆ ಗಾಳಿ. ಫೋನಿನ ಟಾರ್ಚ್ ಹಿಡಿದು ಸರ್ವಿಸ್ ರಸ್ತೆಯಲ್ಲಿ ನಡೆಯುತ್ತಾ ಬ್ಯಾಗಿನ ಎರಡು ವಡೆ ತಿಂದೆವು. ಅರ್ಧ ಗಂಟೆಯಾದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು, ಕೈ ಒಡ್ಡಿದೆವು. ಡ್ರೈವರಣ್ಣ ನಿಲ್ಲಿಸಿ ನಮ್ಮಿಬ್ಬರ ಕಪ್ಪು ಟೀ ಷರ್ಟು, ಕೆದರಿದ ಕೂದಲು ನೋಡಿದರು. ‘ಯಾವೂರ್ ಹಬ್ಬಕ್ಕೋಗಿದ್ರಪ್ಪಾ?’ ಅಂದರು.

‘ಬೆಂಗಳೂರಿಗಣ್ಣ, ಹಾಡು ಕೇಳಕ್ಕೆ.’

‘ಹತ್ಕಳಿ, ಹತ್ಕಳಿ. ಗಟ್ಟಿಯಾಗಿ ಇಡ್ಕಳಿ.’

ಸಂಜಯ ಸರ್ಕಲ್‌ನಲ್ಲಿ ಇಳಿಸಿ, ದುಡ್ಡು ಬೇಡ ಅಂದು ಹೋದರು. ತಮ್ಮ ಆ ರಾತ್ರಿ ನಮ್ಮ ಮನೆಯಲ್ಲೇ ಮಲಗಿದ. ದೀಪ ಆರಿಸಿದ ಮೇಲೆ ಕತ್ತಲಲ್ಲಿ, ಬಿಟ್ಟು ಬಂದ ಆ ಎರಡು ಹಾಡು ಯಾವುದಿರಬಹುದು ಅಂತ ಕೇಳಿದ. ನನಗೂ ಅದೇ ಯೋಚನೆ. ಮುಂದಿನ ಸಲ ಮಂಡ್ಯದೊಳಗೆ ಬರುವ ಬಸ್ಸಿನ ಹೊತ್ತು ಮೊದಲೇ ಕೇಳಿಕೊಂಡು, ಮೆಟ್ರೊ ತಪ್ಪಿದರೆ ಆಟೊಗೆ ಅಂತ 500 ರೂಪಾಯಿ ಬೇರೆ ಎತ್ತಿಟ್ಟು, ಕೊನೆಯ ಹಾಡಿನವರೆಗೂ ನಿಲ್ಲುವುದು ಅಂತ ಇಬ್ಬರೂ ಮಾತಾಡಿಕೊಂಡೆವು.