ಖಾಲಿ ಚೀಲದ ತೂಕ

ತೊಗರಿ ಹಂಗಾಮು ಶುರುವಾದರೆ ನಮ್ಮ ಚರ್ಚಿನ ಯುವಜನ ಕೂಟಕ್ಕೆ ಬರುವವರು ಕಡಿಮೆಯಾಗುತ್ತಾರೆ. ಕಲಬುರಗಿಯಲ್ಲಿ ಇದು ಪ್ರತಿ ವರ್ಷದ ಮಾತು. ಡಿಸೆಂಬರ್ ಕೊನೆಯಿಂದ ಆಳಂದ, ಚಿತ್ತಾಪುರ, ಜೇವರ್ಗಿ, ಸೇಡಂ ಕಡೆಯ ಮಾಲು ಬರುತ್ತಲೇ ಇರುತ್ತದೆ. ನಮ್ಮ ಹುಡುಗರು ಕೆಲವರು ದಾಲ್ ಮಿಲ್‌ನಲ್ಲಿ, ಕೆಲವರು ಕಾಳಿನ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿ, ಇನ್ನು ಕೆಲವರು ಲಾರಿ ಮೇಲೆ. ಭಾನುವಾರ ಸಂಜೆ ಮೈ ನೋವು ಅಂತ ಮಲಗಿಬಿಡುತ್ತಾರೆ. ಅವರಿಗೆ ಭಕ್ತಿ ಕಡಿಮೆ ಅಂತ ಬೈಯುವ ಹಿರಿಯರಿದ್ದಾರೆ. ನನಗೆ ಬೈಯಲು ಮನಸ್ಸು ಬರುವುದಿಲ್ಲ. ವಾರವೆಲ್ಲ 50 ಕಿಲೋ ಚೀಲ ಹೊತ್ತವನು ಸ್ವಲ್ಪ ಮಲಗಿದರೆ ತಪ್ಪೇನು? ಹಾಗಾಗಿ ಕೂಟವನ್ನೇ ರಾತ್ರಿ ಎಂಟಕ್ಕೆ ಇಟ್ಟುಕೊಂಡೆವು.

ನಾನೂ ಗಂಜ್‌ನವನೇ. ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ನಮ್ಮ ಮೆಥೋಡಿಸ್ಟ್ ಸಭೆಯ ಯುವಜನರ ಜೊತೆ ಸತ್ಯವೇದ (ಬೈಬಲ್) ಓದುತ್ತೇನೆ. 2025ರ ಜನವರಿಯಲ್ಲಿ ನಾವು ಓದುತ್ತಿದ್ದದ್ದು ಆಮೋಸನ ಪ್ರವಾದನೆ. ಆಮೋಸನು ಕುರಿ ಕಾಯುತ್ತಿದ್ದವನು, ಅತ್ತಿಮರ ನೋಡಿಕೊಳ್ಳುತ್ತಿದ್ದವನು. ಅವನ ಎಂಟನೇ ಅಧ್ಯಾಯ ಓದಿದರೆ ಗಂಜ್‌ನ ಮಧ್ಯೆ ನಿಂತು ಮಾತಾಡುತ್ತಿದ್ದಾನೆ ಅನಿಸುತ್ತದೆ. ವಿಶ್ರಾಂತಿಯ ದಿನವಾದ ಸಬ್ಬತ್ತು ಯಾವಾಗ ಮುಗಿಯುತ್ತದೋ, ಯಾವಾಗ ಕಾಳು ಮಾರುತ್ತೇವೋ ಅಂತ ಕಾಯುವ ವ್ಯಾಪಾರಿಗಳು ಅಲ್ಲಿದ್ದಾರೆ. ಅಳತೆ ಕಿರಿದು ಮಾಡುತ್ತಾರೆ, ತಕ್ಕಡಿಯಲ್ಲಿ ಮೋಸ ಮಾಡುತ್ತಾರೆ, ಕಸವನ್ನೂ ಗೋದಿ ಜೊತೆ ಮಾರುತ್ತಾರೆ. ದೇವರು ಅದನ್ನು ಎಂದಿಗೂ ಮರೆಯುವುದಿಲ್ಲ ಎನ್ನುತ್ತಾನೆ.

ಹುಡುಗರು ಅವತ್ತು ಸುಮ್ಮನೆ ಕೇಳಿಸಿಕೊಂಡರು. ನಮ್ಮಲ್ಲಿ ಬಹಳ ಜನರ ಅಜ್ಜಂದಿರು ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ನಿಜಾಮನ ಕಾಲದಲ್ಲೂ, ಆಮೇಲೂ ಕೂಲಿಯೆಂದರೆ ಎಷ್ಟೋ ಸಲ ಜೋಳವೇ. ಸೇರಿನಲ್ಲಿ ಅಳೆದು ಸೆರಗಿಗೆ ಹಾಕುತ್ತಿದ್ದರು. ಅಳೆಯುವವನ ಕೈ ಸ್ವಲ್ಪ ಒಳಗೆ ಬಾಗಿದರೂ ಮನೆಯಲ್ಲಿ ಒಂದು ರೊಟ್ಟಿ ಕಡಿಮೆ. ನನ್ನ ಅಜ್ಜಿ ಇದನ್ನು ಹೇಳುವಾಗ ಎಂಬತ್ತರ ವಯಸ್ಸಿನಲ್ಲೂ ಅವಳ ಧ್ವನಿ ಗಟ್ಟಿಯಾಗುತ್ತಿತ್ತು. ಅಳತೆಯ ಕೆಳಗೆ ನಿಂತವರ ಮಕ್ಕಳು ಇವತ್ತು ಕಾಟಾದ, ಅಂದರೆ ತೂಕದ ಯಂತ್ರದ, ಪಕ್ಕ ಕೂತಿದ್ದೇವೆ. ಇದು ದೇವರು ಕೊಟ್ಟ ಜಾಗ ಅಂತ ನಾನು ನಂಬಿದ್ದೇನೆ.

ಆ ವಾರದ ನಡುವೆ ಒಂದು ದಿನ ಅಫಜಲಪುರ ಕಡೆಯ ಒಬ್ಬ ವಯಸ್ಸಾದ ರೈತರು 20 ಚೀಲ ತೊಗರಿ ತಂದರು. ಆ ಹಂಗಾಮಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಹಿಂದಿನ ವರ್ಷ ದರ 10,000 ದಾಟಿತ್ತು. ಅದನ್ನೇ ನಂಬಿ ಬಿತ್ತಿದವರಿಗೆ ಈ ಸಲ ಬಂದ ದರ ನೋಡಿ ಮುಖ ಬಾಡಿತ್ತು. ಮಧ್ಯಾಹ್ನ ಖರೀದಿದಾರರು ದರ ಕೂಗುವ ಟೆಂಡರ್ ಮುಗಿದು ತೂಕ ಶುರುವಾಯಿತು. ಕಾಟಾದ ಹತ್ತಿರ ತೂಕ ಬರೆಯುತ್ತಿದ್ದವನು ನಮ್ಮ ಕೂಟದ ಹುಡುಗ. ಬಿ.ಎ. ಮುಗಿಸಿದ್ದ, ಆ ಹಂಗಾಮಿಗೆ ನಾನೇ ಹೇಳಿ ಸೇರಿಸಿದ್ದೆ.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಚೀಲದ ಸಮೇತ ತೂಗಿ, ಚೀಲದ ತೂಕ ಕಳೆಯುತ್ತಾರೆ. ಕ್ವಿಂಟಲ್ ಹಿಡಿಯುವ ದೊಡ್ಡ ಗೋಣಿಚೀಲವಾದರೆ ಖಾಲಿ ಚೀಲವೇ ಒಂದು ಕಿಲೋ ಆಸುಪಾಸು ತೂಗುತ್ತದೆ. ಆದರೆ ಈಗ ಬಹಳ ರೈತರು ತರುವುದು 50 ಕಿಲೋದ ಪ್ಲಾಸ್ಟಿಕ್ ಚೀಲ. ಅದರ ತೂಕ 100 ಗ್ರಾಂಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದಕ್ಕೂ ಒಂದು ಕಿಲೋ ಹಿಡಿದರೆ 20 ಚೀಲಕ್ಕೆ ಸುಮಾರು 17 ಕಿಲೋ ತೊಗರಿ ರೈತನ ಕೈಬಿಡುತ್ತದೆ. 7,500 ದರ ಅಂತ ಲೆಕ್ಕ ಹಾಕಿದರೆ 1,300 ರೂಪಾಯಿ ಹತ್ತಿರ. ರೈತನಿಂದ ದಲಾಲಿ ಹಿಡಿಯಬಾರದು ಅಂತ ನಮ್ಮ ರಾಜ್ಯದ ಕಾಯ್ದೆ ಇದೆ. ಕಾಟಾಕ್ಕೆ ಇಲಾಖೆಯ ಮುದ್ರೆಯೂ ಇರುತ್ತದೆ. ಹಾಗಾಗಿ ಕಾಟಾ ಸುಳ್ಳು ಹೇಳುವುದಿಲ್ಲ. ಸುಳ್ಳು ಇರುವುದು ಕಾಟಾ ನೋಡಿದ ಮೇಲೆ ಚೀಟಿಯಲ್ಲಿ ಬರೆಯುವ ಅಂಕಿಯಲ್ಲಿ.

ಹುಡುಗ ಏನು ಮಾಡಿದ? ಒಂದು ಖಾಲಿ ಚೀಲ ತೆಗೆದು ಕಾಟಾ ಮೇಲಿಟ್ಟ. ಬಂದ ತೂಕವನ್ನೇ ಚೀಟಿಯಲ್ಲಿ ಬರೆದ.

ಖರೀದಿದಾರರ ಕಡೆಯವನಿಗೆ ಸಿಟ್ಟು ಬಂತು. "ಎಲ್ಲಾ ಕಡಿ ಚೀಲಕ್ಕ ಒಂದ್ ಕಿಲೋ ಹಿಡೀತಾರ. ನೀ ಯಾವ ಹೊಸ ಕಾಯ್ದೆ ತಂದಿ?"

"ಚೀಲ ನಿಮ್ಮ ಮುಂದೇ ತೂಗೀನಿ ಕಾಕಾ. ಎಷ್ಟ್ ಬಂದದ ಅಷ್ಟೇ ಬರ್ದೀನಿ."

ಗಲಾಟೆ ಕೇಳಿ ನಾನು ಒಳಗಿಂದ ಎದ್ದು ಬಂದೆ. ಹುಡುಗನ ಕೈ ನಡುಗುತ್ತಿತ್ತು, ಪೆನ್ನು ಮಾತ್ರ ಬಿಟ್ಟಿರಲಿಲ್ಲ. ಚೀಟಿ ಸರಿಯಾಗಿದೆ, ಇದನ್ನೇ ಲೆಕ್ಕಕ್ಕೆ ಹತ್ತಿಸುತ್ತೇನೆ ಎಂದೆ. ಆ ರೈತರು ಮಾತ್ರ ಗಾಬರಿಯಾಗಿದ್ದರು. "ನನ್ನ ಸಲುವಾಗಿ ಜಗಳ ಬ್ಯಾಡ್ರಿ ಯಪ್ಪಾ, ಒಂದ್ ಕಿಲೋ ಹಿಡ್ಕೋರಿ, ರೊಕ್ಕ ಇವತ್ತೇ ಕೊಟ್ರ ಸಾಕು" ಅಂತ ಕೈ ಮುಗಿದರು. ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ತನ್ನ ಕಾಳಿಗೆ ತಾನೇ ಕೈ ಮುಗಿಯುವ ಸ್ಥಿತಿಗೆ ಒಬ್ಬ ಹಿರಿಯ ಮನುಷ್ಯನನ್ನು ತಂದು ನಿಲ್ಲಿಸಿದ್ದೇವಲ್ಲ.

ನಮ್ಮ ಅಂಗಡಿಯ ಸಾಹುಕಾರರು ಬಂದರು. ಅವರು ಕೆಟ್ಟವರಲ್ಲ. ಶರಣರ ಕಾಯಕದ ಮಾತು ಕೇಳುತ್ತಲೇ ಬೆಳೆದವರು. ಚೀಲ ನೋಡಿದರು, ಚೀಟಿ ನೋಡಿದರು, "ಬರೆದದ್ದು ಬರೆದಂಗ ಇರ್ಲಿ" ಅಂದರು. ರೈತರಿಗೆ ಪೂರ್ತಿ ಹಣ ಹೋಯಿತು. ಸಂಜೆ ನನ್ನನ್ನು ಕರೆದು, "ಹುಡುಗ ಖರೇನೇ ಹೇಳ್ಯಾನ. ಆದ್ರ ಖರೀದಿ ಮಾಡೋರು ನಮ್ಮ ಅಂಗಡಿ ಬಿಟ್ರ ನಾ ಏನ್ ಮಾಡ್ಲಿ?" ಎಂದು ಕೇಳಿದರು. ರೈತರು ಬಂದರೆ ಖರೀದಿದಾರರು ಬಂದೇ ಬರುತ್ತಾರೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಮರುದಿನ ಹುಡುಗನನ್ನು ಕಾಟಾದಿಂದ ಎಬ್ಬಿಸಿ ಗೋದಾಮಿಗೆ ಹಾಕಿದರು. ಫೆಬ್ರವರಿ ಬರುವ ಮೊದಲೇ ಇನ್ನು ಕೆಲಸಕ್ಕೆ ಬರಬೇಡ ಎಂದರು.

ಕಾಟಾದಿಂದ ಎಬ್ಬಿಸಿದ ಆ ವಾರದ ಕೂಟದಲ್ಲೇ ಎಲ್ಲರೂ ಅವನನ್ನು ಹೊಗಳಿದರು. ಅವನಿಗೆ ಅದು ಇಷ್ಟವಾಗಲಿಲ್ಲ. "ಹೊಗಳಬ್ಯಾಡ್ರಿ. ಕೆಲ್ಸ ಹೋದ್ರ ಮನ್ಯಾಗ ಏನ್ ಹೇಳ್ಲಿ, ಅದು ಹೇಳ್ರಿ ಅಣ್ಣಾ" ಎಂದ. ಇನ್ನೊಬ್ಬ ಹುಡುಗ ಕೇಳಿದ: ಹಂಗಾದ್ರ ಗಂಜ್ ಕೆಲಸಾನೇ ಬಿಡಬೇಕೇನು?

ಲೂಕ ಮೂರನೇ ಅಧ್ಯಾಯ ತೆಗೆದೆವು. ಸುಂಕದವರು ಸ್ನಾನಿಕ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಸುಂಕದ ಕೆಲಸ ಬಿಡಿ ಅಂತ ಯೋಹಾನ ಹೇಳಲಿಲ್ಲ. ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದ. ಅದಕ್ಕೂ ಮೊದಲು ಅವನು ಜನರಿಗೆ ಹೇಳಿದ ಮಾತು ಇನ್ನೊಂದಿದೆ: ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೆಯೇ ಮಾಡಲಿ. ಈ ಎರಡು ಮಾತು ಅಕ್ಕಪಕ್ಕ ಯಾಕಿವೆ ಅಂತ ನಾವು ಬಹಳ ಹೊತ್ತು ಮಾತಾಡಿದೆವು. ನನಗೆ ಅನಿಸಿದ್ದು ಇಷ್ಟು. ಪ್ರಾಮಾಣಿಕನಾಗಿರು ಅಂತ ಒಬ್ಬ ಹುಡುಗನಿಗೆ ಸಭೆಯಲ್ಲಿ ಕಲಿಸಿ, ಅದರ ನಷ್ಟವನ್ನು ಅವನೊಬ್ಬನ ತಲೆ ಮೇಲೆ ಹಾಕಿದರೆ ನಾವು ಅರ್ಧ ಸುವಾರ್ತೆಯನ್ನೇ ಕೊಟ್ಟ ಹಾಗೆ.

ಅವತ್ತು ಒಂದು ಹುಡುಗಿ ಮಾತಾಡಿದಳು. ಅವಳು ಸಾಮಾನ್ಯವಾಗಿ ಹಾಡಿಗೆ ಮಾತ್ರ ಬಾಯಿ ತೆರೆಯುವವಳು. ಅವಳ ತಾಯಿ ಮಾರ್ಕೆಟ್ ಯಾರ್ಡ್‌ನಲ್ಲಿ ಕಸ ಗುಡಿಸಿ, ಬಿದ್ದ ಕಾಳು ಆರಿಸಿ, ಮೊರದಲ್ಲಿ ಕೇರಿ ಮನೆಗೆ ತರುತ್ತಾರೆ. "ನಮ್ಮವ್ವ ತರೋದೂ ರೈತರ ಕಾಳೇ ಅಲ್ಲೇನ್ರಿ ಅಣ್ಣಾ? ಅದೂ ಮೋಸಾನಾ?" ಎಂದಳು. ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ಆ ಕೆಲಸ ಕಳೆದುಕೊಳ್ಳಲಿದ್ದ ಹುಡುಗನೇ ಬೇರೆಯವರ ಹೊಲದಲ್ಲಿ ಬಿದ್ದ ತೆನೆ ಆರಿಸಿದ ರೂತಳ ಕಥೆ ನೆನಪಿಸಿದ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆ ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ ಯಾಜಕಕಾಂಡದಲ್ಲಿ ದೇವರೇ ಆಜ್ಞೆ ಕೊಟ್ಟಿದ್ದಾನೆ. ಬಿದ್ದ ಕಾಳು ಆರಿಸುವುದು ಬಡವರ ಪಾಲು. ಚೀಟಿಯಲ್ಲಿ ಕಡಿದ ಕಾಳು ಇರುವವನ ಗೋದಾಮಿಗೆ ಹೋಗುತ್ತದೆ. ಎರಡೂ ಒಂದೇ ಅಲ್ಲ. ಹುಡುಗಿ ತಲೆ ಎತ್ತಿದಳು. ಈ ಸೂಕ್ಷ್ಮ ಚರ್ಚಿನಲ್ಲಿ ಕೇಳಿದ ಎಷ್ಟೋ ಪ್ರಸಂಗಗಳಲ್ಲಿ ನನಗೆ ಸಿಕ್ಕಿರಲಿಲ್ಲ. ಗಂಜ್‌ನಲ್ಲಿ ಬೆವರು ಸುರಿಸುವ ಮಕ್ಕಳಿಂದ ಸಿಕ್ಕಿತು.

ಆ ರಾತ್ರಿ ಒಂದು ತೀರ್ಮಾನಕ್ಕೆ ಬಂದೆವು. ಸುಳ್ಳು ಬರೆಯಲ್ಲ ಅಂದದ್ದಕ್ಕೆ ಯಾರಾದರೂ ಕೆಲಸ ಕಳೆದುಕೊಂಡರೆ, ಬೇರೆ ಕೆಲಸ ಸಿಗುವವರೆಗೆ ಆ ಮನೆಯ ಜೋಳ, ಅಕ್ಕಿ, ಬೇಳೆ ನಮ್ಮದು. ದುಡಿಯುವವರು ತಿಂಗಳಿಗೆ ಕೈಲಾದಷ್ಟು ಹಾಕಬೇಕು. ಸಭೆಯ ಒಬ್ಬ ಹಿರಿಯರು "ಗಂಜ್ ಜಗಳ ಸಭಿಗೆ ಯಾಕ ತರ್ತೀರಿ?" ಅಂತ ಕೇಳಿದರು. ಪಾಸ್ಟರ್ ಅವರೇ ಉತ್ತರ ಕೊಟ್ಟರು: "ಗಂಜ್‌ನಿಂದ ದುಡಿದ ಕಾಣಿಕಿ ತಗೋತೀವಲ್ರಿ." ಸ್ತ್ರೀಯರ ಸಂಘದವರು ಮೊದಲ ಚೀಲ ಜೋಳ ಕೊಟ್ಟರು. ಕೆಲಸ ಹೋದ ಮೇಲೆ ಅದು ಹುಡುಗನ ಮನೆಗೆ ಹೋಯಿತು. ಅವನ ತಂದೆ ಮೊದಲು ಬೇಡ ಅಂದರು, ಆಮೇಲೆ ಇಳಿಸಿಕೊಂಡರು.

ಹುಡುಗನಿಗೆ ಬೇಸಿಗೆಯಲ್ಲಿ ಹುಮನಾಬಾದ್ ರಸ್ತೆಯ ಒಂದು ಗೋದಾಮಿನಲ್ಲಿ ಸ್ಟಾಕ್ ಬರೆಯುವ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ನಮ್ಮ ಅಂಗಡಿಯಲ್ಲಿ ಈಗ ರೈತರು ಕೇಳಿದರೆ ಖಾಲಿ ಚೀಲ ತೂಗುತ್ತಾರೆ, ಕೇಳದಿದ್ದರೆ ಇಲ್ಲ. ಅದಕ್ಕೆ ಮಾಲು ಇಳಿಸುವಾಗಲೇ ಪ್ರತಿಯೊಬ್ಬರಿಗೂ ಹೇಳುತ್ತೇನೆ: ಚೀಲ ತೂಗಿಸಿ, ಚೀಟಿ ಓದಿಸಿಕೊಳ್ಳಿ. ಸಾಹುಕಾರರಿಗೆ ಇದು ಗೊತ್ತು. ಇನ್ನೂ ಬೇಡ ಅಂದಿಲ್ಲ. ಎಲ್ಲ ಚೀಲಕ್ಕೂ ಇದೇ ನಿಯಮ ಆಗಬೇಕು ಅಂತ ಅವರನ್ನು ಕೇಳುವುದನ್ನು ನಾನು ಬಿಟ್ಟಿಲ್ಲ. ಕೂಟದಲ್ಲಿ ಮುಂದಿನ ಓದು ರೂತಳ ಪುಸ್ತಕ, ನಡೆಸುವವಳು ಆ ಹುಡುಗಿ. ತಾಯಿಯನ್ನೂ ಅವರ ಜೊತೆ ಕಾಳು ಆರಿಸುವ ಹೆಣ್ಣುಮಕ್ಕಳನ್ನೂ ಕರೆಯಬೇಕಂತೆ. ಅವರ ಕೆಲಸ ಮುಗಿಯುವುದು ತಡ. ಅದಕ್ಕೆ ಕೂಟವನ್ನು ಇನ್ನೂ ಅರ್ಧ ಗಂಟೆ ಮುಂದಕ್ಕೆ ಹಾಕಿದ್ದೇವೆ.